ಮಕ್ಕಳೊಡನೆ ವಿನೋದೋದ್ಯಾನಕ್ಕೆ ಹೋಗುವವರಿಗೆ ಕೆಲವು ಅನುಭವದ ಮಾತುಗಳು

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ವಾಚನಾಲಯದ ಮೇಜಿನ ಸುತ್ತ ಒಂದೇ ಮಾತು. ಮಕ್ಕಳ ಪರೀಕ್ಷೆ ಮುಗಿಯುತ್ತ ಬಂತು. ಊರಿಗೆ ಹೋಗಲು ರಜೆ ಸಿಕ್ಕುವುದು ಮೇ ತಿಂಗಳಿಗೆ. ನಡುವೆ ಒಂದು ದಿನ ಹುಡುಗರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು. ಪಕ್ಕದ ಮನೆಯ ಮಗು ಖೋಪೋಲಿಯ ಇಮ್ಯಾಜಿಕಾಕ್ಕೆ ಹೋಗಿ ಬಂದು ಚಾಳಿನಲ್ಲೆಲ್ಲ ವರ್ಣಿಸಿದ ಮೇಲೆ ನಮ್ಮ ಮನೆಯ ಮಗು ಸುಮ್ಮನಿದ್ದೀತೆ? ಎಷ್ಟು ಖರ್ಚಾದೀತು, ಹೇಗೆ ಹೋಗುವುದು, ಮೂರು ವರ್ಷದ ಕೂಸಿಗೆ ಅಲ್ಲಿ ಏನಿದೆ ಎಂದು ಮಿತ್ರರು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಬರೆದೇ ಬಿಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು.

ನಾನು ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ, ಪಂಡಿತನಲ್ಲ. ಮಕ್ಕಳನ್ನು ಕಟ್ಟಿಕೊಂಡು ಇಂತಹ ಉದ್ಯಾನಗಳಿಗೆ ಎರಡು ಸಲ ಹೋಗಿದ್ದೇನೆ. ಮೊದಲನೆಯ ಸಲ ಕೆಟ್ಟೆ, ಎರಡನೆಯ ಸಲ ಕಲಿತೆ. ಆ ಎರಡು ದಿನಗಳ ಲೆಕ್ಕವನ್ನೇ ಇಲ್ಲಿ ಒಪ್ಪಿಸುತ್ತೇನೆ.

ಜಾತ್ರೆಯೂ ಉದ್ಯಾನವೂ

ನಮ್ಮಲ್ಲಿ ಅನೇಕರು ಜಾತ್ರೆಯನ್ನು ನೋಡಿ ಬೆಳೆದವರು. ಬಾದಾಮಿಯ ಬನಶಂಕರಿಯದಾಗಲಿ, ಶಿರಸಿಯ ಮಾರಿಕಾಂಬೆಯದಾಗಲಿ, ಜಾತ್ರೆಯೆಂದರೆ ತೊಟ್ಟಿಲು, ಮರದ ಕುದುರೆಯ ಗಿರಿಗಿಟ್ಟಲೆ, ಬೆಂಡು ಬತ್ತಾಸು. ಅಲ್ಲಿ ಆಡಿದ ಆಟಕ್ಕೆ ಮಾತ್ರ ಕಾಸು. ಸುಮ್ಮನೆ ತಿರುಗಾಡುವವರಿಗೆ ಖರ್ಚಿಲ್ಲ. ವಿನೋದೋದ್ಯಾನದ ರೀತಿ ಬೇರೆ. ಬಾಗಿಲಲ್ಲೇ ಪೂರ್ತಿ ಹಣ ಕಟ್ಟಬೇಕು. ಒಳಗೆ ಹತ್ತು ಆಟ ಆಡಿದರೂ ಅಷ್ಟೇ, ಒಂದು ಆಡಿದರೂ ಅಷ್ಟೇ. ಈ ಒಂದು ವ್ಯತ್ಯಾಸದಿಂದಲೇ ತಂದೆತಾಯಿಗಳ ತಲೆ ಕೆಡುತ್ತದೆ. ಕೊಟ್ಟ ಹಣ ವಸೂಲಾಗಬೇಕೆಂಬ ಹಟ ಹುಟ್ಟಿ, ಮಕ್ಕಳನ್ನು ಒಂದು ಆಟದಿಂದ ಇನ್ನೊಂದಕ್ಕೆ ಓಡಿಸುತ್ತೇವೆ.

ಜನರಿಗಾಗಿ ವಿನೋದದ ತೋಟ ಮಾಡುವುದು ಹೊಸ ಸಂಗತಿಯೇನಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ಪಟ್ಟಣದ ಟಿವೋಲಿ ಉದ್ಯಾನ 1843ರಲ್ಲಿ ತೆರೆಯಿತು, ಇಂದಿಗೂ ನಡೆಯುತ್ತಿದೆ. ಆದರೆ ಒಂದೊಂದು ಭಾಗವನ್ನೂ ಒಂದೊಂದು ಕಥೆಯ ಲೋಕದಂತೆ ಕಟ್ಟಿ, ಇಡೀ ಸಂಸಾರವೇ ಒಟ್ಟಿಗೆ ಬರುವಂತೆ ಮಾಡಿದ ಕೀರ್ತಿ ಅಮೇರಿಕೆಯ ವಾಲ್ಟ್ ಡಿಸ್ನಿಗೆ ಸಲ್ಲುತ್ತದೆ. ಆತ ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿಗೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದನಂತೆ. ಮಕ್ಕಳು ಮರದ ಕುದುರೆಯ ಮೇಲೆ ಸುತ್ತುವಾಗ ತಾನು ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತ ಕಾಯಬೇಕಾಗುತ್ತಿತ್ತು. ದೊಡ್ಡವರೂ ಮಕ್ಕಳೂ ಕೂಡಿ ಆಡುವ ಜಾಗವೊಂದು ಇರಬಾರದೇಕೆ ಎಂದು ಆಗ ಹೊಳೆಯಿತೆಂದು ಆತನೇ ಹೇಳಿಕೊಂಡಿದ್ದಾನೆ. ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರಂದು. ಆ ದಿನವೂ ಸುಸೂತ್ರವಾಗಿ ನಡೆಯಲಿಲ್ಲ. ಖೋಟಾ ಆಹ್ವಾನಪತ್ರ ಹಿಡಿದವರೂ ಸೇರಿ ಜನ ಕಿಕ್ಕಿರಿದರು. ಕೊಳಾಯಿ ಕೆಲಸಗಾರರ ಮುಷ್ಕರದ ಕಾರಣ ಕುಡಿಯುವ ನೀರಿನ ಅನೇಕ ನಲ್ಲಿಗಳು ಒಣಗಿದ್ದವು. ಬಿಸಿಲಿಗೆ ಡಾಂಬರು ಮೆತ್ತಗಾಗಿ ಹೆಂಗಸರ ಪಾದರಕ್ಷೆಯ ಹಿಮ್ಮಡಿ ಹೂತುಕೊಂಡವು. ಅಷ್ಟು ದೊಡ್ಡವರ ಏರ್ಪಾಡೇ ಹಾಗಾದ ಮೇಲೆ ನಮ್ಮ ಮೊದಲ ಯಾತ್ರೆ ಕೆಟ್ಟರೆ ಆಶ್ಚರ್ಯವೇನು!

ನಮ್ಮ ದೇಶದಲ್ಲಿ ದೆಹಲಿಯ ಅಪ್ಪು ಘರ್ 1984ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿತು. ಮುಂಬಯಿಯ ಗೋರಾಯಿಯಲ್ಲಿದ್ದ ಎಸ್ಸೆಲ್‌ವರ್ಲ್ಡ್ 1989ರಲ್ಲಿ ಆರಂಭವಾಗಿ 2022ರಲ್ಲಿ ನಿಂತುಹೋಯಿತು. ಹಿರಿಯರ ನೆನಪನ್ನು ನಂಬಿ ದೋಣಿ ಹತ್ತಿ ಅದನ್ನು ಹುಡುಕಿಕೊಂಡು ಹೋಗಬೇಡಿರಿ. ಬೆಂಗಳೂರಿನ ಬಿಡದಿಯ ವಂಡರ್‌ಲಾ 2005ರದು. ನಮಗೆ ಹತ್ತಿರವಾದ ಖೋಪೋಲಿಯ ಇಮ್ಯಾಜಿಕಾ 2013ರ ಏಪ್ರಿಲ್ 18ರಂದು ತೆರೆಯಿತು. ಅದನ್ನು ಕಟ್ಟಿಸಿದವರು ಚಲನಚಿತ್ರ ಉದ್ಯಮದ ಮನಮೋಹನ ಶೆಟ್ಟರು. 2022ರಲ್ಲಿ ಅದು ಮಲ್ಪಾನಿ ಸಮೂಹದ ಕೈಗೆ ಬಂತು.

ನನ್ನ ಮೊದಲನೆಯ ಯಾತ್ರೆ

ಮೊದಲನೆಯ ಸಲ ನಾವು ಹೋದದ್ದು ಬೇರೊಂದು ಉದ್ಯಾನಕ್ಕೆ. ಹೆಸರು ಬೇಡ, ತಪ್ಪು ಅವರದಲ್ಲ. ಎಂಟು ತಿಂಗಳು ಓವರ್‌ಟೈಮಿನ ಹಣ ಕೂಡಿಸಿ, ಒಂದು ದಿನದ ರಜೆ ಬೇಡಿ ಪಡೆದು ಹೊರಟಿದ್ದೆ. ಮಗಳಿಗೆ ಆಗ ಐದು ತುಂಬಿ ಆರು ನಡೆಯುತ್ತಿತ್ತು, ಮಗನಿಗೆ ಎರಡು. ತಿಂಗಳಿನಿಂದ ಮಗಳು ಒಂದು ಆಟದ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ನೋಡಿ ಅದರ ಕನಸು ಕಾಣುತ್ತಿದ್ದಳು. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಆ ಆಟದ ಬಾಗಿಲಿಗೆ ಬಂದರೆ ಅಲ್ಲಿ ಅಳತೆಯ ಕಂಬ. ಮಗಳು ಎರಡು ಬೆರಳು ಗಿಡ್ಡ.

ಆಗ ನಾನು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವಳ ಕಿವಿಯಲ್ಲಿ, “ಸ್ವಲ್ಪ ತುದಿಗಾಲಲ್ಲಿ ನಿಲ್ಲು ಪುಟ್ಟಿ” ಎಂದೆ. ಅವಳು ನಿಂತಳು. ಕಾವಲಿನ ಹುಡುಗ ಬಗ್ಗಿ ಅವಳ ಹಿಮ್ಮಡಿಯನ್ನು ನೋಡಿ, ಬೈಯದೆ, ಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಹಿಂದೆ ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಮಗಳು ಅಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಮೋಸಮಾಡು ಎಂದು ಅವಳಿಗೆ ನಾನೇ ಕಲಿಸಿಕೊಟ್ಟಂತಾಯಿತು.

ನಮ್ಮ ಮನೆಯವಳ ದಿನವಂತೂ ಬೆಂಚಿನ ಮೇಲೆಯೇ ಕಳೆಯಿತು. “ನೀವು ಅವಳನ್ನ ಕರ್ಕೊಂಡು ಹೋಗಿ, ನಾನು ಇವನ್ನ ನೋಡ್ಕೋತೀನಿ” ಎಂದವಳು ಸಂಜೆಯವರೆಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚೀಲ ಕಾಯುತ್ತ ಕುಳಿತಳು. ನನ್ನಷ್ಟೇ ಪೂರ್ತಿ ಟಿಕೆಟ್ಟು ಕೊಟ್ಟವಳು ಅವಳು. ರಾತ್ರಿ ಲೋಕಲ್ಲಿನಲ್ಲಿ ಮಗಳು ಕೇಳಿದಳು: “ಅಪ್ಪಾ, ಅಮ್ಮ ಯಾಕೆ ಏನೂ ಆಡಲಿಲ್ಲ?” ನನ್ನಲ್ಲಿ ಉತ್ತರವಿರಲಿಲ್ಲ. ಡಿಸ್ನಿಯ ಬೆಂಚಿನ ಕಥೆಯನ್ನು ನಾನು ಆಮೇಲೆ ಇದೇ ವಾಚನಾಲಯದಲ್ಲಿ ಓದಿದೆ.

ವಯಸ್ಸಲ್ಲ, ಎತ್ತರ

ಆದ್ದರಿಂದ ಮೊದಲ ಪಾಠ ಇದು: ರೈಲ್ವೆಯವರು ಮಗುವಿನ ವಯಸ್ಸು ಕೇಳುತ್ತಾರೆ; ಉದ್ಯಾನದವರು ಎತ್ತರ ಕೇಳುತ್ತಾರೆ. ಲೋಕಲ್ ಗಾಡಿಯಲ್ಲಿ ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ಟಿಲ್ಲ, ಐದರಿಂದ ಹನ್ನೆರಡರೊಳಗೆ ಅರ್ಧ. ಉದ್ಯಾನದಲ್ಲಿ ಹಾಗಲ್ಲ. ಉದಾಹರಣೆಗೆ ಬೆಂಗಳೂರಿನ ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ, ಅಂದರೆ ಸುಮಾರು 2 ಅಡಿ 9 ಅಂಗುಲಕ್ಕಿಂತ, ಗಿಡ್ಡ ಮಗುವಿಗೆ ಟಿಕೆಟ್ಟಿಲ್ಲ. ಅಲ್ಲಿಂದ 140 ಸೆಂಟಿಮೀಟರಿನವರೆಗೆ ಮಕ್ಕಳ ದರ. ಅದರ ಮೇಲೆ ಪೂರ್ತಿ ದರ. ಖೋಪೋಲಿಯಲ್ಲಿಯೂ ಎತ್ತರದ ಲೆಕ್ಕವೇ. ಅದಲ್ಲದೆ ಪ್ರತಿಯೊಂದು ಆಟಕ್ಕೂ ಬೇರೆ ಬೇರೆ ಎತ್ತರದ ಕಟ್ಟಳೆಯಿದೆ. ಕೆಲವಕ್ಕೆ ಚಿಕ್ಕ ಮಗು ದೊಡ್ಡವರ ಜೊತೆಯಲ್ಲಿ ಕೂರಬಹುದು. ಕೆಲವಕ್ಕೆ ಕೂರುವಂತೆಯೇ ಇಲ್ಲ.

ಈ ಕಟ್ಟಳೆ ಏಕೆಂದು ತಿಳಿದರೆ ಸಿಟ್ಟು ಬಾರದು. ಆಟದ ಗಾಡಿಯಲ್ಲಿ ನಮ್ಮನ್ನು ಹಿಡಿದಿಡುವುದು ತೊಡೆಯ ಮೇಲೆ ಅಥವಾ ಭುಜದ ಮೇಲೆ ಬಂದು ಕೂರುವ ಸರಳು. ಅದನ್ನು ಇಂತಿಷ್ಟು ಗಾತ್ರದ ಮೈಗೆಂದು ಮಾಡಿರುತ್ತಾರೆ. ಮೈ ಚಿಕ್ಕದಾದರೆ ಸರಳಿಗೂ ಮಗುವಿಗೂ ನಡುವೆ ಸಂದು ಉಳಿದು, ಗಾಡಿ ತಿರುಗುವಾಗ ಮಗು ಜಾರಬಹುದು. ಇನ್ನೊಂದು ಕಾರಣ ತಲೆಯ ಭಾರ. ಹುಟ್ಟಿದ ಕೂಸಿನ ತಲೆ ಅದರ ಮೈಯ ಉದ್ದದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು. ದೊಡ್ಡವರದು ಎಂಟನೆಯ ಒಂದು ಪಾಲು. ಚಿಕ್ಕ ಮಕ್ಕಳಿಗೆ ತಲೆ ಭಾರ, ಕುತ್ತಿಗೆ ಎಳಸು. ರೋಲರ್ ಕೋಸ್ಟರಿನ ಜಗ್ಗಾಟ ಅವರ ಕುತ್ತಿಗೆಗೆ ಆಗದು. ಆ ಎರಡು ಬೆರಳು ನನ್ನ ಮಗಳನ್ನು ಕಾಪಾಡಿದ ಎರಡು ಬೆರಳೆಂದು ಈಗ ತಿಳಿಯುತ್ತೇನೆ.

ಆದುದರಿಂದ ಹಣ ಕೂಡಿಸುವ ಮೊದಲೇ ಮನೆಯ ಗೋಡೆಗೆ ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಉದ್ಯಾನದ ಆಟಗಳ ಪಟ್ಟಿಯೂ ಎತ್ತರದ ಕಟ್ಟಳೆಯೂ ಅವರ ಜಾಲತಾಣದಲ್ಲಿರುತ್ತವೆ. ಮಗು ಆಡಬಹುದಾದ ಆಟಗಳನ್ನು ಒಂದು ಕಾಗದದ ಮೇಲೆ ಬರೆದು, ಮಗುವಿಗೆ ಅವನ್ನೇ ತೋರಿಸಿರಿ, ಅವುಗಳ ಆಸೆಯನ್ನೇ ಹುಟ್ಟಿಸಿರಿ. ಪಟ್ಟಿ ತೀರ ಚಿಕ್ಕದಾದರೆ ಯಾತ್ರೆಯನ್ನು ಒಂದು ವರ್ಷ ಮುಂದೂಡಿರಿ. ಮಕ್ಕಳು ಬೆಳೆಯುತ್ತಾರೆ, ಉದ್ಯಾನ ಎಲ್ಲಿಯೂ ಓಡಿಹೋಗದು.

ಮೂರರೊಳಗಿನ ಕೂಸುಗಳಿಗೆ

ಎರಡು ಮೂರು ವರ್ಷದ ಮಕ್ಕಳಿಗೆ ದೊಡ್ಡ ಉದ್ಯಾನದ ಅಗತ್ಯವೇ ಇಲ್ಲವೆಂದು ನನ್ನ ಅಭಿಪ್ರಾಯ. ಠಾಕುರ್ಲಿಯಿಂದ ನಿಧಾನ ಲೋಕಲ್ಲಿನಲ್ಲಿ ನೇರವಾಗಿ ಭಾಯಖಳಾಕ್ಕೆ ಹೋದರೆ ರಾಣಿಬಾಗ್ ಪ್ರಾಣಿಸಂಗ್ರಹಾಲಯವಿದೆ. ಅಲ್ಲಿ ಪೆಂಗ್ವಿನ್ ಹಕ್ಕಿಗಳೂ ಇವೆ. ಬುಧವಾರ ರಜೆ ಎಂಬುದನ್ನು ಮರೆಯಬೇಡಿರಿ. ನವಿ ಮುಂಬಯಿಯ ನೆರೂಳಿನಲ್ಲಿ ಮಹಾನಗರಪಾಲಿಕೆಯವರ ವಂಡರ್ಸ್ ಪಾರ್ಕ್ ಇದೆ. ಜಗತ್ತಿನ ಅದ್ಭುತಗಳ ಮಾದರಿಗಳೂ ಪುಟ್ಟ ರೈಲೂ ಅಲ್ಲಿವೆ. ಠಾಣೆಯಲ್ಲಿ ಟಿಕುಜಿನಿ ವಾಡಿ ಇದೆ. ಕಲ್ಯಾಣದಿಂದ ಕರ್ಜತಿನ ಹಾದಿಯಲ್ಲಿರುವ ನೇರಳಿನಿಂದ ಮಾಥೇರಾನಕ್ಕೆ ಹೋಗುವ ಎರಡಡಿ ಅಗಲದ ಹಳಿಯ ಗಾಡಿಯಂತೂ 1907ರದು. ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಟವಿಲ್ಲ. ಮಳೆಗಾಲದಲ್ಲಿ ನೇರಳಿನಿಂದ ಮೇಲಕ್ಕೆ ಅದು ಓಡುವುದಿಲ್ಲ. ಇಂತಹ ಒಂದು ಅರ್ಧ ದಿನದ ಸಂಚಾರ ಮಾಡಿ ನೋಡಿದರೆ, ನಿಮ್ಮ ಮಗು ಎಷ್ಟು ಹೊತ್ತು ನಡೆದೀತು, ಯಾವಾಗ ನಿದ್ದೆಗೆ ಹಟ ಹಿಡಿದೀತು ಎಂಬುದು ಗೊತ್ತಾಗುತ್ತದೆ. ದೊಡ್ಡ ಯಾತ್ರೆಗೆ ಅದೇ ತಾಲೀಮು.

ಹಣದ ಲೆಕ್ಕ

ಟಿಕೆಟ್ಟಿನ ದರ ಋತು, ವಾರ, ದಿನ ನೋಡಿ ಬದಲಾಗುವುದರಿಂದ ಇಲ್ಲಿ ಬರೆದು ಪ್ರಯೋಜನವಿಲ್ಲ. ಆದರೆ ಲೆಕ್ಕದ ಕ್ರಮ ಬದಲಾಗದು. ಒಂದು ಕಾಗದದಲ್ಲಿ ಆರು ಬಾಬು ಬರೆಯಿರಿ: ಪ್ರವೇಶ, ರೈಲು, ಆಟೋ, ಊಟ, ನೀರಾಟದ ಉಡುಪು ಮತ್ತು ಲಾಕರು, ಕೊನೆಯದು ಆಪತ್ತಿನ ಹಣ. ನಮ್ಮ ಅನುಭವದಲ್ಲಿ ಪ್ರವೇಶದ ಹಣವನ್ನು ಮಾತ್ರ ಎಣಿಸಿ ಹೊರಟವರು ಸಂಜೆಗೆ ಸಾಲ ಕೇಳುತ್ತಾರೆ. ಪ್ರವೇಶಕ್ಕೆ ಆದಷ್ಟೇ ಉಳಿದ ಬಾಬುಗಳಿಗೂ ಎತ್ತಿಡುವುದು ಕ್ಷೇಮ. ಒಟ್ಟು ಮೊತ್ತವನ್ನು 26ರಿಂದ ಭಾಗಿಸಿ ವಾರಕ್ಕಿಷ್ಟೆಂದು ಡಬ್ಬಿಗೆ ಹಾಕಿದರೆ ಆರು ತಿಂಗಳಲ್ಲಿ ಯಾರ ಮುಂದೆಯೂ ಕೈಚಾಚದೆ ಹೋಗಿಬರಬಹುದು. ಮಗಳ ಕೈಯಿಂದಲೇ ಹಾಕಿಸಿರಿ. ಹಣ ಹೇಗೆ ಕೂಡುತ್ತದೆಂದು ಅವಳೂ ಕಲಿಯಲಿ.

ಉಳಿಸುವ ದಾರಿಗಳೂ ಇವೆ. ಶನಿವಾರ ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ಜನವೂ ಕಡಮೆ, ಹಲವು ವೇಳೆ ದರವೂ ಕಡಮೆ. ಪಾಳಿಯಲ್ಲಿ ದುಡಿಯುವ ನಮ್ಮವರಿಗೆ ವಾರದ ರಜೆ ಬೇರೆ ದಿನ ಬೀಳುವುದು ಇಲ್ಲಿ ಲಾಭವೇ. ಮುಂಗಡವಾಗಿ ಮೊಬೈಲಿನಲ್ಲಿ ಕೊಂಡರೆ ರಿಯಾಯತಿ ಸಿಗುವುದುಂಟು; ಆದರೆ ಉದ್ಯಾನದ ಸ್ವಂತ ಜಾಲತಾಣದಲ್ಲಿಯೇ ಕೊಳ್ಳಿರಿ, ಯಾರೋ ಕಳಿಸಿದ ಕೊಂಡಿಯನ್ನು ಒತ್ತಬೇಡಿರಿ. ನೀರಾಟಕ್ಕೆ ಇಳಿಯಲು ಹತ್ತಿಯ ಬಟ್ಟೆಯನ್ನು ಬಿಡುವುದಿಲ್ಲ, ನೈಲಾನ್ ಉಡುಪು ಬೇಕು. ಅಲ್ಲಿ ಬಾಡಿಗೆಗೆ ಪಡೆಯುವ ಬದಲು ಕಲ್ಯಾಣದ ಪೇಟೆಯಲ್ಲಿ ಕೊಂಡರೆ ಎರಡು ಮೂರು ವರ್ಷ ಬಾಳುತ್ತದೆ.

ಹೊರಗಿನ ತಿಂಡಿಯನ್ನು ಇಂತಹ ಕಡೆ ಸಾಮಾನ್ಯವಾಗಿ ಒಳಗೆ ಬಿಡರು. ಕೂಸಿನ ಆಹಾರಕ್ಕೆ ವಿನಾಯಿತಿ ಕೇಳಬಹುದು. ಬುತ್ತಿಯನ್ನು ಬಿಡಬೇಡಿರಿ ಎಂದೇ ನನ್ನ ಸಲಹೆ: ಚಪಾತಿ ಪಲ್ಯ, ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡು ಬಾಗಿಲಿಗೆ ಹೋಗುವ ಮುನ್ನವೇ ಎಲ್ಲರೂ ಹೊಟ್ಟೆತುಂಬ ತಿಂದರೆ, ಒಳಗೆ ಒಂದೇ ಊಟದ ಖರ್ಚು.

ದಾರಿ

ಠಾಕುರ್ಲಿಯಲ್ಲಿ ನಿಲ್ಲುವುದು ನಿಧಾನ ಗಾಡಿಗಳು ಮಾತ್ರ. ಆದ್ದರಿಂದ ಮೊದಲು ಒಂದೇ ನಿಲ್ದಾಣ ಮುಂದಿನ ಕಲ್ಯಾಣಕ್ಕೆ ಹೋಗಿ, ಅಲ್ಲಿ ಖೋಪೋಲಿಯ ಗಾಡಿ ಹಿಡಿಯಬೇಕು. ಅದು ಸಿಕ್ಕದಿದ್ದರೆ ಕರ್ಜತಿನಲ್ಲಿ ಬದಲಾಯಿಸಬೇಕು. ಕಲ್ಯಾಣದಿಂದ ಖೋಪೋಲಿಗೆ ಸುಮಾರು ಒಂದೂವರೆ ಗಂಟೆಯ ಪಯಣ. ಕರ್ಜತಿನಿಂದ ಖೋಪೋಲಿಗೆ ಇರುವುದು 15 ಕಿಲೋಮೀಟರಿನ ಒಂಟಿ ಹಳಿ, ಗಾಡಿಗಳು ವಿರಳ. ಹೋಗುವ ಗಾಡಿಗಿಂತ ಬರುವ ಗಾಡಿಯ ವೇಳೆಯನ್ನು ಮೊದಲು ಬರೆದುಕೊಳ್ಳಿರಿ. ಒಂದು ಅನುಕೂಲವೆಂದರೆ, ಬೆಳಿಗ್ಗೆ ಜನವೆಲ್ಲ ಮುಂಬಯಿಯ ಕಡೆಗೆ ನುಗ್ಗುವಾಗ ನಾವು ಎದುರು ದಿಕ್ಕಿಗೆ ಹೋಗುತ್ತೇವೆ. ಮಕ್ಕಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕೀತು. ಖೋಪೋಲಿಯಿಂದ ಪಾಲಿಯ ರಸ್ತೆಯಲ್ಲಿ ಸಾಂಗಡೇವಾಡಿಯವರೆಗೆ ಆಟೋ ಮಾಡಬೇಕು. ಹತ್ತುವ ಮೊದಲು ಬಾಡಿಗೆ ಗೊತ್ತುಮಾಡಿಕೊಂಡು, ಸಂಜೆ ಮರಳಿ ಒಯ್ಯುವ ಮಾತನ್ನೂ ಆಗಲೇ ಆಡಿರಿ.

ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರು ಬಿಡದಿಯ ವಂಡರ್‌ಲಾವನ್ನು ಆ ಪಯಣಕ್ಕೇ ಸೇರಿಸಬಹುದು. ರೈಲಿನ ಮುಂಗಡ ಸೀಟು ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ. 2024ರ ನವೆಂಬರಿಗೆ ಮುಂಚೆ 120 ದಿನವಿತ್ತು. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಬೇರೆ ಬರ್ತ್ ಬೇಕಾದರೆ 2016ರಿಂದ ಪೂರ್ತಿ ದರ ಕೊಡಬೇಕು. ಇದನ್ನು ಲೆಕ್ಕದಲ್ಲಿ ಹಿಡಿಯಿರಿ.

ಒಳಗೆ ಹೋದ ಮೇಲೆ

ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಒಳ್ಳೆಯದು. ಮೊದಲ ಒಂದು ಗಂಟೆಯಲ್ಲಿ ಸಾಲು ಚಿಕ್ಕದು, ಬಿಸಿಲು ಎಳೆಯದು, ಮಕ್ಕಳ ಮನಸ್ಸೂ ಹೊಸದು. ಮಗುವಿನ ಪಟ್ಟಿಯ ಆಟಗಳನ್ನು ಆಗಲೇ ಮುಗಿಸಿರಿ. ದೊಡ್ಡವರ ಆಸೆ ಆಮೇಲೆ. ಮಧ್ಯಾಹ್ನ ಕೂತು ನೋಡುವ ಆಟಗಳಿಗೆ ಹೋಗಿರಿ. ನೆರಳಿನಲ್ಲಿ ಮಲಗುವ ಕೂಸನ್ನು ಎಬ್ಬಿಸಬೇಡಿರಿ. ಕೂಸು ಮಲಗಿದ ಗಂಟೆ ನಷ್ಟವಲ್ಲ. ಸಂಜೆಯವರೆಗೆ ನಗುವ ಮಗು ಬೇಕಾದರೆ ಆ ಗಂಟೆಯನ್ನು ಕೊಡಲೇಬೇಕು.

ತಂದೆತಾಯಿಗಳು ಗಿರಣಿಯಂತೆ ಪಾಳಿ ಮಾಡಿಕೊಳ್ಳಬೇಕು. ಒಬ್ಬರು ಆಡುವಾಗ ಒಬ್ಬರು ಕೂಸನ್ನು ನೋಡಿಕೊಳ್ಳುವುದು, ಬಳಿಕ ಬದಲಾಗುವುದು. ದೊಡ್ಡ ಉದ್ಯಾನಗಳಲ್ಲಿ ಹೀಗೆ ಬದಲಾಗುವವರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸದೆ ಬಿಡುವ ಪದ್ಧತಿ ಹೊರದೇಶಗಳಲ್ಲಿದೆ. ಇಲ್ಲಿಯೂ ಕಾವಲಿನವರನ್ನು ವಿನಯದಿಂದ ಕೇಳಿ ನೋಡಬಹುದು. ಮೊದಲ ಪಾಳಿ ಮನೆಯಾಕೆಯದಾಗಲಿ. “ಆಮೇಲೆ ನೋಡೋಣ” ಎಂದರೆ ಆ ಆಮೇಲೆ ಬಾರದು.

ಮಗು ತಪ್ಪಿಸಿಕೊಂಡರೆ ಏನು ಮಾಡಬೇಕೆಂದು ಮನೆಯಲ್ಲೇ ಹೇಳಿಕೊಟ್ಟಿರಿ: ಇದ್ದಲ್ಲೇ ನಿಲ್ಲು, ಸಮವಸ್ತ್ರದವರನ್ನು ಕೇಳು. ತಂದೆಯ ಹೆಸರು, ಮೊಬೈಲ್ ನಂಬರು ಮರಾಠಿ ಹಿಂದಿಯಲ್ಲಿ ಹೇಳಲು ಬರಲಿ. ನಂಬರು ಬರೆದ ಚೀಟಿ ಜೇಬಿನಲ್ಲಿರಲಿ. ಊರಿನಿಂದ ಬಂದ ಅಜ್ಜಿ ಜೊತೆಗಿದ್ದರೆ ಅವರಿಗೂ ಒಂದು ಚೀಟಿ. ಕನ್ನಡ ಬಿಟ್ಟು ಬೇರೆ ಮಾತು ಬಾರದ ಹಿರಿಯರು ಜನದಲ್ಲಿ ಮಕ್ಕಳಷ್ಟೇ ಗಾಬರಿಯಾಗುತ್ತಾರೆ. ಬೆಳಿಗ್ಗೆ ಬಾಗಿಲಲ್ಲಿ ಮಕ್ಕಳ ಒಂದು ಫೋಟೋ ತೆಗೆದುಕೊಂಡರೆ, ಯಾವ ಬಣ್ಣದ ಅಂಗಿ ಎಂದು ತಡಕಾಡಬೇಕಾಗಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಸಲುಗೆ ಬೇಡ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಮೊಣಕಾಲುದ್ದದ ನೀರೂ ಚಿಕ್ಕ ಮಗುವಿಗೆ ಸಾಕು. ಆದ್ದರಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿರಬೇಕು. ಆ ಹೊತ್ತು ಮೊಬೈಲು ಲಾಕರಿನಲ್ಲಿರಲಿ. ಬಿಸಿಲಿಗೆ ಮಗು ಸೋತು ಮಂಕಾದರೆ ನೆರಳಿಗೆ ಒಯ್ದು ಗುಟುಕು ಗುಟುಕಾಗಿ ನೀರು ಕುಡಿಸಿರಿ. ವಾಂತಿ ಭೇದಿಯಾದರೆ ಓಆರ್‌ಎಸ್ ಪುಡಿಯ ನೀರು ಕೊಡಬೇಕು. ಅದು ಇಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಸೇರಿಸಬಹುದು. ಚಹಾ ಚಮಚದ ಅಳತೆ ಇದು. ಮಗು ಚೇತರಿಸದಿದ್ದರೆ ಉದ್ಯಾನದ ಪ್ರಥಮ ಚಿಕಿತ್ಸೆಯವರಲ್ಲಿಗೆ ತಡಮಾಡದೆ ಹೋಗಿರಿ.

ಎರಡನೆಯ ಯಾತ್ರೆ

ಒಂದೂವರೆ ವರ್ಷದ ಬಳಿಕ ಖೋಪೋಲಿಗೆ ಹೋದೆವು. ಮಗಳ ಗೆರೆ ಗೋಡೆಯ ಮೇಲೆ ಸಾಕಷ್ಟು ಮೇಲಕ್ಕೆ ಏರಿತ್ತು. ನಮ್ಮ ಪಟ್ಟಿಯಲ್ಲಿ ಬರೆದದ್ದು ಏಳೇ ಆಟ, ಆಡಿದ್ದು ಐದು. ಮಗ ಮರದ ಕುದುರೆಯ ಗಿರಿಗಿಟ್ಟಲೆಯನ್ನು ಬಿಟ್ಟು ಇಳಿಯಲೊಲ್ಲದೆ ಮೂರು ಸಲ ಸುತ್ತಿದ. ಕುರ್ಚಿಯಲ್ಲಿ ಕೂರಿಸಿ ದೊಡ್ಡ ಪರದೆಯ ಮೇಲೆ ಭಾರತವನ್ನೆಲ್ಲ ಆಕಾಶದಿಂದ ತೋರಿಸುವ ಆಟವೊಂದಿದೆ. ಅದಕ್ಕೆ ಮನೆಯವಳು ಮಗಳ ಕೈಹಿಡಿದು ಹೋದಳು; ಬೆಂಚಿನ ಮೇಲೆ ಚೀಲ ಕಾಯುತ್ತ ಕುಳಿತವನು ನಾನು. ಹೊರಗೆ ಬಂದವಳು, “ದೇಶವೆಲ್ಲ ನೋಡ್ದೆ ರೀ, ನಮ್ಮೂರೊಂದು ಕಾಣಲಿಲ್ಲ” ಎಂದು ನಕ್ಕಳು.

ಇನ್ನೊಂದು ಸಂಗತಿ. ಒಂದು ಆಟದ ಬಾಗಿಲಲ್ಲಿ ಮತ್ತೆ ಅಳತೆಯ ಕಂಬ ಬಂತು. ನಾನು ಏನೂ ಹೇಳಲಿಲ್ಲ. ಮಗಳು ತಾನಾಗಿ ಚಪ್ಪಲಿ ಕಳಚಿ, ಹಿಮ್ಮಡಿಯನ್ನು ನೆಲಕ್ಕೆ ಊರಿ ನಿಂತಳು. ಗೆರೆಗೆ ಸರಿಯಾಗಿ ಮುಟ್ಟಿತು.

ನಮ್ಮ ವಾಚನಾಲಯದ ಬಾಗಿಲ ಚೌಕಟ್ಟಿನ ಮೇಲೆ ಈ ವಾರ 85 ಮತ್ತು 140 ಸೆಂಟಿಮೀಟರಿನ ಎರಡು ಗೆರೆಗಳನ್ನು ಸುಣ್ಣದಲ್ಲಿ ಎಳೆದಿದ್ದೇನೆ. ಸಂಜೆ ಪತ್ರಿಕೆ ಓದಲು ಬರುವಾಗ ಮಕ್ಕಳನ್ನೂ ಕರೆತನ್ನಿರಿ. ಬರಿಗಾಲಲ್ಲಿ ನಿಲ್ಲಿಸಿ ಅಳೆಯೋಣ. ಪಟ್ಟಿ ಬರೆದುಕೊಡಲು ಕಾಗದ ಪೆನ್ಸಿಲು ಮೇಜಿನ ಖಾನೆಯಲ್ಲಿವೆ.